ಜಿಂಕೆ ಬೇಟೆಗೆ ಕುಳಿತಾಗ ಸೆಮಿ-ಆಟೋಮ್ಯಾಟಿಕ್ ರೈಫಲ್‌ನ ಚೇಂಬರಿಗೆ ಸದ್ದು ಮಾಡದೆ, ಅಪಾಯವಿಲ್ಲದೆ ಗುಂಡು ಏರಿಸುವುದು ಹೇಗೆ?

ಪ್ರಶ್ನೆ: ದಾವಣಗೆರೆಯವನು, ಈಗ ವಿಸ್ಕಾನ್ಸಿನ್ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಗ್ರೀನ್ ಕಾರ್ಡ್ ಪಡೆದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ್ದೇನೆ. ಸದ್ಯ ರಜೆಯ ಮೇಲೆ ವಿದ್ಯಾನಗರದ ಮನೆಗೆ ಬಂದಿದ್ದು, ನವೆಂಬರಿನಲ್ಲಿ ಅಲ್ಲಿ ನಡೆಯುವ ಒಂಬತ್ತು ದಿನಗಳ ಬಂದೂಕಿನ ಜಿಂಕೆ ಬೇಟೆಯ ಹಂಗಾಮಿಗೆ ಮೊದಲು ಮರಳಬೇಕಾಗಿದೆ. ಬೇಟೆಗಾರರ ಸುರಕ್ಷತಾ ತರಬೇತಿಯನ್ನು ಮುಗಿಸಿ ಪ್ರಮಾಣಪತ್ರ ಪಡೆದಿದ್ದೇನೆ. ಆ ರಾಜ್ಯದಲ್ಲಿ 1973ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಆ ತರಬೇತಿ ಕಡ್ಡಾಯ.

ನನ್ನಲ್ಲಿರುವುದು .308 ಗುಂಡಿನ, ಎಆರ್-10 ಮಾದರಿಯ ಸೆಮಿ-ಆಟೋಮ್ಯಾಟಿಕ್ ರೈಫಲ್. ಗುರಿ ಹೊಡೆಯುವ ಮೈದಾನದಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಮ್ಯಾಗಜೀನ್ (ಗುಂಡುಗಳ ಪೆಟ್ಟಿಗೆ) ಹಾಕಿ, ಗುಂಡನ್ನು ನಳಿಗೆಯ ಹಿಂಭಾಗದ ಚೇಂಬರಿಗೆ ತಳ್ಳುವ ಬೋಲ್ಟನ್ನು ಬಿಟ್ಟಾಗ ಏಳುವ "ಠಳ್" ಎಂಬ ಸದ್ದು ಬೆಳಗಿನ ಜಾವದ ನಿಶ್ಶಬ್ದ ಕಾಡಿನಲ್ಲಿ ಬಹಳ ದೂರದವರೆಗೆ ಕೇಳಿಸುವುದು ಖಂಡಿತ. ನನ್ನ ನೆರೆಯವರೊಬ್ಬರು ಬೋಲ್ಟನ್ನು ಎಳೆಯುವ ಹಿಡಿಕೆಯನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಡುವಂತೆ ಹೇಳುತ್ತಾರೆ. ಇನ್ನೊಬ್ಬರು ಚೇಂಬರನ್ನು ಖಾಲಿ ಇಟ್ಟುಕೊಂಡು, ಜಿಂಕೆ ಕಂಡ ಮೇಲೆಯೇ ಗುಂಡು ಏರಿಸುವುದು ಸುರಕ್ಷಿತ ಎನ್ನುತ್ತಾರೆ. ಮೊದಲನೆಯದರಲ್ಲಿ ಬೋಲ್ಟ್ ಪೂರ್ತಿ ಕೂರುತ್ತದೆಯೇ ಎಂಬ ಸಂಶಯ ನನಗಿದೆ, ಎರಡನೆಯದರಲ್ಲಿ ಆ ಗಳಿಗೆಯ ಆತುರದ ಭಯವಿದೆ. ಈ ಬಳಗದಲ್ಲಿ ಸೈನ್ಯದಲ್ಲಿದ್ದ ಹಿರಿಯರೂ ಅಮೆರಿಕದಲ್ಲಿ ಬೇಟೆಯಾಡಿದ ನಮ್ಮ ಕಡೆಯವರೂ ಇದ್ದೀರಿ. ರೈಫಲ್‌ನ ಒಳಗೆ ನಡೆಯುವುದೇನು ಎಂಬುದರಿಂದ ಹಿಡಿದು ದಯವಿಟ್ಟು ವಿವರವಾಗಿ ತಿಳಿಸಿಕೊಡಿ.

ಉತ್ತರ: ನಿವೃತ್ತ ಹವಾಲ್ದಾರ್, ಚಿತ್ರದುರ್ಗ

ತಮ್ಮಾ, ನಿಮ್ಮ ಸಂಶಯ ಸರಿಯಾಗಿಯೇ ಇದೆ. ನಾನು ಸೈನ್ಯದಲ್ಲಿ ಹೊಸಬರಿಗೆ ಆಯುಧ ತರಬೇತಿ ಕೊಡುತ್ತಿದ್ದವನು. 7.62 ಮಿ.ಮೀ. ಎಸ್‌ಎಲ್‌ಆರ್ (ಸೈನ್ಯದ ಹಳೆಯ ಸೆಲ್ಫ್ ಲೋಡಿಂಗ್ ರೈಫಲ್) ಕೈಗೆ ಕೊಟ್ಟಾಗ ಹೊಸ ಹುಡುಗರಲ್ಲಿ ಹಲವರು ಕಾಕಿಂಗ್ ಹ್ಯಾಂಡಲನ್ನು, ಅಂದರೆ ಬೋಲ್ಟ್ ಎಳೆಯುವ ಹಿಡಿಕೆಯನ್ನು, ಹಿಂದಕ್ಕೆ ಎಳೆದು, ಅದು ಕೈಗೆ ಬಡಿದೀತೆಂಬ ಅಂಜಿಕೆಯಿಂದ ಜೊತೆಗೇ ಮುಂದಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹಾಗೆ ಮಾಡಿದಾಗ ಬೋಲ್ಟ್ ಕೊನೆಯ ಕೂದಲೆಳೆಯಷ್ಟು ದೂರದಲ್ಲಿ ನಿಂತುಬಿಡುತ್ತಿತ್ತು, ಟ್ರಿಗರ್ ಒತ್ತಿದರೆ ಗುಂಡು ಹಾರುತ್ತಿರಲಿಲ್ಲ. ಪೂರ್ತಿ ಎಳೆದು, ಪೂರ್ತಿ ಬಿಟ್ಟುಬಿಡಬೇಕು ಎಂಬುದನ್ನು ಅವರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು.

ಕಾರಣವನ್ನು ತಿಳಿದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ನಿಮ್ಮ ಮಾದರಿಯ ರೈಫಲ್‌ನಲ್ಲಿ ಹಿಂದಿನ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬರುವ ಬೋಲ್ಟ್ ಒಂದೇ ಓಟದಲ್ಲಿ ಮೂರು ಕೆಲಸಗಳನ್ನು ಮಾಡಬೇಕು. ಮ್ಯಾಗಜೀನಿನ ತುದಿಯಲ್ಲಿರುವ ಗುಂಡನ್ನು ಅದರ ಬಿಗಿತದಿಂದ ಬಿಡಿಸಿ ಚೇಂಬರಿನೊಳಗೆ ತಳ್ಳಬೇಕು. ಗುಂಡಿನ ಹಿಂಬದಿಯ ಅಂಚಿನ ಮೇಲೆ ಕೋಶವನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆ ಹತ್ತಿ ಕಚ್ಚಿಕೊಳ್ಳಬೇಕು. ಕೊನೆಗೆ ಬೋಲ್ಟಿನ ತಲೆ ಸ್ವಲ್ಪ ತಿರುಗಿ, ಅದರ ಹಲ್ಲುಗಳು ನಳಿಗೆಯ ಹಿಂಭಾಗದ ಹಲ್ಲುಗಳ ಹಿಂದೆ ಸೇರಿ ಬೀಗ ಬೀಳಬೇಕು. ಎಸ್‌ಎಲ್‌ಆರ್‌ನಲ್ಲಿ ಬೋಲ್ಟ್ ತಿರುಗುವುದಿಲ್ಲ, ಅದರ ಹಿಂಭಾಗ ಕೆಳಕ್ಕೆ ವಾಲಿ ಬೀಗ ಬೀಳುತ್ತದೆ. ಆದರೂ ಓಟದ ವೇಗ ಬೇಕಾಗುವುದು ಎರಡಕ್ಕೂ ಒಂದೇ. ಕೊನೆಯ ಎರಡು ಕೆಲಸಗಳಿಗೇ ಹೆಚ್ಚು ಬಲ ಬೇಕು, ಮತ್ತು ಕೈಯಿಂದ ಮೆಲ್ಲಗೆ ಬಿಟ್ಟಾಗ ಆ ಬಲವೇ ಕಡಿಮೆಯಾಗುವುದು.

ಬೋಲ್ಟ್ ಅರ್ಧಕ್ಕೆ ನಿಂತರೆ ಸಾಮಾನ್ಯವಾಗಿ ಆಗುವುದು ಇಷ್ಟೆ: ಟ್ರಿಗರ್ ಬಿಡಿಸಿದ ಹ್ಯಾಮರ್ (ಸುತ್ತಿಗೆ) ಬಂದು ಬೋಲ್ಟ್ ಹೊತ್ತಿರುವ ಉಕ್ಕಿನ ಗಟ್ಟಿಗೆ ಬಡಿಯುತ್ತದೆ, ಫೈರಿಂಗ್ ಪಿನ್ ಎಂಬ ಸೂಜಿ ಗುಂಡಿನ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪನ್ನು ಮುಟ್ಟುವುದಿಲ್ಲ, "ಟಕ್" ಎಂದಷ್ಟೇ ಕೇಳಿ ಪ್ರಾಣಿ ಓಡಿಹೋಗುತ್ತದೆ. ಆದರೆ ಸವೆದ ಅಥವಾ ಕೆಟ್ಟಿರುವ ರೈಫಲ್‌ನಲ್ಲಿ ಬೀಗ ಪೂರ್ತಿ ಬೀಳದೆಯೇ ಗುಂಡು ಸಿಡಿದರೆ, ಹಿತ್ತಾಳೆಯ ಕೋಶ ಒಡೆದು ಬಿಸಿ ಅನಿಲವೂ ಲೋಹದ ಚೂರುಗಳೂ ಹೊಡೆಯುವವನ ಮುಖದ ಕಡೆಗೇ ಬರುತ್ತವೆ. ಆದ್ದರಿಂದ ಸದ್ದನ್ನು ಕಡಿಮೆ ಮಾಡಲು ಬೋಲ್ಟಿನ ಬಲವನ್ನು ಕಡಿಮೆ ಮಾಡಬೇಡಿ ಎಂಬುದೇ ನನ್ನ ಖಚಿತ ಅಭಿಪ್ರಾಯ. ಸದ್ದು ಆಗಲಿ, ಆದರೆ ಅದು ಯಾವಾಗ ಆಗಬೇಕೆಂಬುದನ್ನು ನೀವು ನಿರ್ಧರಿಸಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ನಿಮ್ಮ ಮಾದರಿಯಲ್ಲಿ ಫೈರಿಂಗ್ ಪಿನ್‌ಗೆ ತಡೆಯುವ ಸ್ಪ್ರಿಂಗ್ ಸಾಮಾನ್ಯವಾಗಿ ಇರುವುದಿಲ್ಲ. ಬೋಲ್ಟ್ ಬಡಿದು ನಿಂತಾಗ ಪಿನ್ ತನ್ನ ಓಟದಲ್ಲೇ ಮುಂದೆ ಬಂದು ಕ್ಯಾಪಿನ ಮೇಲೆ ಒಂದು ಸಣ್ಣ ಚುಕ್ಕೆಯನ್ನು ಮೂಡಿಸುತ್ತದೆ. ಅದು ಸಹಜ. ಆದರೆ ಪಿನ್ ಓಡಾಡುವ ಕೊಳವೆಯಲ್ಲಿ ಕೊಳೆ ಗಟ್ಟಿಯಾಗಿದ್ದರೆ ಅಥವಾ ಗುಂಡಿನ ಕ್ಯಾಪ್ ಸರಿಯಾಗಿ ಕೂರದೆ ಉಬ್ಬಿದ್ದರೆ, ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಸಂಭವ ಉಂಟು. ಹಾಗಾಗಿ ಗುಂಡು ಏರಿಸುವ ಪ್ರತಿಯೊಂದು ಸಲವೂ ಅದು ಹಾರಿಯೇ ಬಿಡುತ್ತದೆ ಎಂದು ಭಾವಿಸಿ, ನಳಿಗೆಯ ಬಾಯಿಯನ್ನು ಯಾರೂ ಇಲ್ಲದ, ಗುಂಡು ಮಣ್ಣಿನಲ್ಲಿ ಹೂತುಹೋಗುವಂಥ ದಿಕ್ಕಿಗೆ ಹಿಡಿದಿರಬೇಕು. ಒಂದೇ ಗುಂಡನ್ನು ದಿನವೂ ಏರಿಸಿ ಇಳಿಸಿ ಮಾಡುವುದೂ ಒಳ್ಳೆಯದಲ್ಲ. ಕ್ಯಾಪಿನ ಮೇಲೆ ಪೆಟ್ಟುಗಳು ಸೇರುತ್ತ ಹೋಗುತ್ತವೆ, ಮೊನೆಯೂ ಕೋಶದೊಳಕ್ಕೆ ಒತ್ತಿಕೊಳ್ಳಬಹುದು. ಇಳಿಸಿದ ಗುಂಡನ್ನು ಬೇರೆ ಜೇಬಿನಲ್ಲಿಟ್ಟು, ಮುಂದೆ ಮೈದಾನದಲ್ಲಿ ಹೊಡೆದು ಮುಗಿಸಿ.

ಉತ್ತರ: ಹಿರಿಯೂರಿನವನು, ಈಗ ಮಿನ್ನೆಸೋಟ ವಾಸಿ

ಹವಾಲ್ದಾರ್ ಸಾಹೇಬರ ಮಾತನ್ನು ಒಪ್ಪುತ್ತೇನೆ. ಅದನ್ನು ಕಾಡಿನಲ್ಲಿ ಹೇಗೆ ನಡೆಸುವುದೆಂದು ನಾನು ಹೇಳುತ್ತೇನೆ. ನೀವು ಇರುವಲ್ಲಿಯೂ ನಾನು ಇರುವಲ್ಲಿಯೂ ಕಾಡು, ಚಳಿ, ಬಿಳಿಬಾಲದ ಜಿಂಕೆ ಎಲ್ಲವೂ ಒಂದೇ ಬಗೆಯವು.

ಮರಕ್ಕೆ ಕಟ್ಟಿದ ಎತ್ತರದ ಬೇಟೆ ಆಸನಕ್ಕೆ ಹತ್ತುವಾಗ ರೈಫಲ್ ಸಂಪೂರ್ಣ ಖಾಲಿಯಾಗಿರಬೇಕು. ಮ್ಯಾಗಜೀನ್ ಜೇಬಿನಲ್ಲಿ, ಬೋಲ್ಟ್ ಹಿಂದಕ್ಕೆ ಸಿಕ್ಕಿಸಿದ ಸ್ಥಿತಿಯಲ್ಲಿ, ನಳಿಗೆಯ ಬಾಯಿ ಕೆಳಮುಖವಾಗಿ ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟಿರಬೇಕು. ಮೊದಲು ನೀವು ಹತ್ತಿ, ಮೈಪಟ್ಟಿಯನ್ನು ಮರಕ್ಕೆ ಬಿಗಿದು ಕುಳಿತ ಮೇಲೆ ಹಗ್ಗವನ್ನು ಎಳೆದುಕೊಳ್ಳಿ. ಬೇಟೆಯಲ್ಲಿ ಗುಂಡಿನಷ್ಟೇ ಅಪಾಯ ಆಸನದಿಂದ ಬೀಳುವುದರಲ್ಲೂ ಇದೆ, ಆದ್ದರಿಂದ ಮೈಪಟ್ಟಿಯ ವಿಷಯದಲ್ಲಿ ಯಾವ ಸಡಿಲಿಕೆಯೂ ಬೇಡ. ಮೇಲೆ ಬಂದ ರೈಫಲ್‌ನ ನಳಿಗೆಯೊಳಗೆ ಕಸ, ಹಿಮ ಸೇರಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಆ ಮೇಲಿನದೇ ನಿಮ್ಮ ಪ್ರಶ್ನೆಯ ತಿರುಳು. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಯ ದಿನದ ಅವಧಿ ಸೂರ್ಯೋದಯಕ್ಕೆ 30 ನಿಮಿಷ ಮೊದಲು ಆರಂಭವಾಗುತ್ತದೆ. ಅದಕ್ಕೂ ಸಾಕಷ್ಟು ಮುಂಚೆಯೇ ಆಸನದಲ್ಲಿ ಕುಳಿತು, ಹತ್ತಿದಾಗಿನ ಗದ್ದಲ ಅಡಗಲು ಬಿಡಿ. ಅವಧಿ ಆರಂಭವಾಗುವ ಹೊತ್ತಿಗೆ ಇನ್ನೂ ಮಬ್ಬುಗತ್ತಲೆ ಇರುತ್ತದೆ, ಗುರಿ ಹಿಡಿಯುವಷ್ಟು ಬೆಳಕು ಬರಲು ಸಮಯ ಬೇಕು. ನಿಯಮದ ಗಡಿಯಾರ ಒಪ್ಪಿದ ಕೂಡಲೇ, ಆ ಮಬ್ಬಿನಲ್ಲಿಯೇ, ಒಂದೇ ಒಂದು ಸಲ, ಪೂರ್ತಿ ಬಲದಿಂದ ಗುಂಡು ಏರಿಸಿಬಿಡಿ. ಒಂದು ಸಲ ಕೇಳಿ ನಿಂತುಹೋದ ಸದ್ದಿಗೆ ಕಾಡು ಬೇಗ ಸಮಾಧಾನವಾಗುತ್ತದೆ. ಮತ್ತೆ ಮತ್ತೆ ತಡವರಿಸುವ ಲೋಹದ ಸದ್ದಿಗೆ, ಅದು ಎಷ್ಟೇ ಸಣ್ಣದಿರಲಿ, ಸಮಾಧಾನವಾಗುವುದಿಲ್ಲ. ಗಾಳಿ ಬೀಸುವ ದಿನವಾದರೆ ಒಂದು ಬೀಸಿಗೆ ಕಾದು, ಎಲೆಗಳು ಸದ್ದು ಮಾಡುವಾಗಲೇ ಬೋಲ್ಟನ್ನು ಬಿಡಿ.

ಏರಿಸುವ ಕ್ರಮ ಹೀಗಿರಲಿ. ಬೋಲ್ಟ್ ಹಿಂದಕ್ಕೆ ಸಿಕ್ಕಿರುವಾಗ ಹ್ಯಾಮರ್ ಎಳೆದುಕೊಂಡಿರುತ್ತದೆ, ಆದ್ದರಿಂದ ನಿಮ್ಮ ಮಾದರಿಯಲ್ಲಿ ಸೇಫ್ಟಿಯನ್ನು (ಟ್ರಿಗರನ್ನು ತಡೆಯುವ ಬೀಗವನ್ನು) ಮೊದಲೇ ಹಾಕಿಕೊಳ್ಳಲು ಬರುತ್ತದೆ. ಹಾಕಿ, ಬೆರಳನ್ನು ಟ್ರಿಗರಿನ ಬಳೆಯಿಂದ ಹೊರಗಿಡಿ. ಮ್ಯಾಗಜೀನಿನ ತುದಿಯ ಗುಂಡು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹೆಬ್ಬೆರಳಿನಿಂದ ಸವರಿ ನೆನಪಿಟ್ಟುಕೊಳ್ಳಿ. ಮ್ಯಾಗಜೀನನ್ನು ಅಂಗೈಯಿಂದ ಬಡಿಯದೆ, ಕ್ಲಿಕ್ ಎನ್ನುವವರೆಗೆ ಒತ್ತಿ, ಕೆಳಕ್ಕೆ ಒಮ್ಮೆ ಜಗ್ಗಿ ನೋಡಿ. ಈಗ ಹಿಡಿಕೆಯನ್ನು ಪೂರ್ತಿ ಎಳೆದು ಬಿಡಿ. ಬಳಿಕ ಮ್ಯಾಗಜೀನನ್ನು ಮೆಲ್ಲಗೆ ತೆಗೆದು ತುದಿಯನ್ನು ಮತ್ತೆ ಸವರಿ: ಎರಡು ಸಾಲಿನ ಮ್ಯಾಗಜೀನಿನಲ್ಲಿ ಮೊದಲು ಬಲಕ್ಕಿದ್ದ ಗುಂಡು ಈಗ ಎಡಕ್ಕೆ ಬಂದಿದ್ದರೆ ಒಂದು ಗುಂಡು ಮ್ಯಾಗಜೀನನ್ನು ಬಿಟ್ಟು ಹೋಗಿದೆ ಎಂದರ್ಥ. ಕತ್ತಲಲ್ಲಿಯೂ, ಕೈಗವಸಿನ ಬೆರಳನ್ನು ಸ್ವಲ್ಪ ಸರಿಸಿದರೂ ಸಾಕು, ಇದು ಗೊತ್ತಾಗುತ್ತದೆ. ಮ್ಯಾಗಜೀನನ್ನು ಮರಳಿ ಹಾಕಿ ಇನ್ನೊಮ್ಮೆ ಜಗ್ಗಿ. ಪೂರ್ತಿ ತುಂಬಿದ ಮ್ಯಾಗಜೀನ್ ಮುಚ್ಚಿದ ಬೋಲ್ಟಿನ ಕೆಳಗೆ ಸುಲಭವಾಗಿ ಕೂರದ ಕಾರಣ ಒಂದೆರಡು ಗುಂಡು ಕಡಿಮೆ ತುಂಬುವುದು ಒಳ್ಳೆಯದು. ಜಿಂಕೆ ಬೇಟೆಗೆ ಅದಕ್ಕಿಂತ ಹೆಚ್ಚಿನ ಅಗತ್ಯವೂ ಬೀಳುವುದಿಲ್ಲ.

ನಿಮ್ಮ ನೆರೆಯವರು ಹೇಳಿದ "ಮೆಲ್ಲಗೆ ಬಿಡುವ" ವಿಧಾನವನ್ನು ಎಆರ್ ಮಾದರಿ ಹಿಡಿದವರಲ್ಲಿ ಅನೇಕರು ಬಳಸುವುದನ್ನು ನಾನೂ ಕಂಡಿದ್ದೇನೆ. ಬೋಲ್ಟ್ ನಿಂತ ಮೇಲೆ ಬಲಬದಿಯಲ್ಲಿರುವ ಫಾರ್ವರ್ಡ್ ಅಸಿಸ್ಟ್ ಗುಂಡಿಯನ್ನು ಅಂಗೈಯಿಂದ ಒತ್ತಿ ಅವರು ಕೊನೆಯ ಕೂದಲೆಳೆಯ ದೂರವನ್ನು ಮುಚ್ಚುತ್ತಾರೆ. ಆದರೆ ಆ ಗುಂಡಿ ಎಲ್ಲ ಎಆರ್-10 ಮಾದರಿಗಳಲ್ಲೂ ಇರುವುದಿಲ್ಲ, ನಿಮ್ಮದರಲ್ಲಿ ಇದೆಯೇ ನೋಡಿಕೊಳ್ಳಿ. ಇದ್ದರೂ ಒಂದು ಮೇರೆ ಇರಲಿ: ಅಂಗೈಯ ಸಾಧಾರಣ ಒತ್ತಿಗೆ ಬೋಲ್ಟ್ ಕೂರದಿದ್ದರೆ ಮತ್ತೆ ಬಡಿದು ಕೂರಿಸಬಾರದು. ಮ್ಯಾಗಜೀನ್ ತೆಗೆದು, ಗುಂಡನ್ನು ಹೊರಗೆಳೆದು, ಏನು ಅಡ್ಡ ಬಂದಿದೆ ಎಂದು ನೋಡಬೇಕು. ಹಿಡಿಕೆ ಬೋಲ್ಟಿಗೇ ಜೋಡಿಸಿರುವ ಬೇಟೆ ರೈಫಲ್‌ಗಳಲ್ಲಿ ಆ ಹಿಡಿಕೆಯನ್ನೇ ಮುಂದಕ್ಕೆ ಒತ್ತಿ ಪರೀಕ್ಷಿಸಬಹುದು. ಎಸ್‌ಎಲ್‌ಆರ್ ತರಹದ್ದರಲ್ಲಿ ಆ ಸೌಲಭ್ಯವೂ ಇಲ್ಲ.

ಚೇಂಬರ್ ಖಾಲಿ ಇಟ್ಟು, ಜಿಂಕೆ ಕಂಡ ಮೇಲೆ ಏರಿಸುವುದನ್ನು ನಾನು ಒಪ್ಪುವುದಿಲ್ಲ. ನಡೆಯುವಾಗ, ಬೇಲಿ ದಾಟುವಾಗ, ವಾಹನದಲ್ಲಿ, ಏಣಿಯಲ್ಲಿ ಚೇಂಬರ್ ಖಾಲಿಯೇ ಇರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೈಪಟ್ಟಿ ಬಿಗಿದು ಸ್ಥಿರವಾಗಿ ಕುಳಿತವನು, ಸೇಫ್ಟಿ ಹಾಕಿ ನಳಿಗೆಯನ್ನು ಹತೋಟಿಯಲ್ಲಿ ಇಟ್ಟುಕೊಂಡವನು, ಏರಿದ ಎದೆಬಡಿತದಲ್ಲಿ ಆ ಗಳಿಗೆಯಲ್ಲೇ ಬೋಲ್ಟ್ ಎಳೆಯುವುದಕ್ಕಿಂತ ಮೊದಲೇ ಸಾವಧಾನದಿಂದ ಏರಿಸಿಕೊಂಡಿರುವುದು ಹೆಚ್ಚು ಸುರಕ್ಷಿತ. ಅವಸರದ ಕೈ ಟ್ರಿಗರಿನ ಬಳೆಯೊಳಗೆ ಹೋಗುತ್ತದೆ.

ಸೇಫ್ಟಿಯ ಸದ್ದನ್ನು ಮರೆಯಬೇಡಿ. ಬೋಲ್ಟ್ ಬೆಳಗ್ಗೆ ಒಮ್ಮೆ ಸದ್ದು ಮಾಡಿ ಮುಗಿಯಿತು; ಸೇಫ್ಟಿಯ "ಟಿಕ್" ಬರುವುದು ಜಿಂಕೆ ಎದುರಿಗೆ ನಿಂತಾಗ. ಹೆಬ್ಬೆರಳಿನಿಂದ ಸೇಫ್ಟಿಯ ಸಣ್ಣ ಸನ್ನೆಗೋಲನ್ನು ಒಮ್ಮೆಲೇ ತಿರುಗಿಸದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಎರಡೂ ಬದಿಯಿಂದ ಹಿಡಿದು, ಸ್ಪ್ರಿಂಗಿಗೆ ಎದುರಾಗಿ ಮೆಲ್ಲಗೆ ತಿರುಗಿಸಿದರೆ ಸದ್ದೇ ಬರುವುದಿಲ್ಲ. ಇದನ್ನು ಮನೆಯಲ್ಲಿ ಖಾಲಿ ರೈಫಲ್‌ನಲ್ಲಿ ರೂಢಿ ಮಾಡಿಕೊಳ್ಳಿ. ಬೋಲ್ಟಿನಲ್ಲಿ ಮಾಡಬಾರದ ಮೆದುತನವನ್ನು ಇಲ್ಲಿ ಧಾರಾಳವಾಗಿ ಮಾಡಬಹುದು.

ಚಳಿಯ ಬಗ್ಗೆಯೂ ಹೇಳಬೇಕು. ನಮ್ಮ ಕಡೆಯ ಹವೆಯಲ್ಲಿ ಬೆಳೆದವರಿಗೆ ಇದು ಥಟ್ಟನೆ ಹೊಳೆಯುವುದಿಲ್ಲ. ನೀರು ಹೆಪ್ಪುಗಟ್ಟುವ ಹವೆಯಲ್ಲಿ ದಪ್ಪ ಗ್ರೀಸ್ ಗಟ್ಟಿಯಾಗಿ, ಪೂರ್ತಿ ಬಿಟ್ಟ ಬೋಲ್ಟೂ ಮಂದವಾಗಿ ಓಡಿ ಅರ್ಧಕ್ಕೆ ನಿಲ್ಲಬಹುದು. ಹಳೆಯ ಗ್ರೀಸನ್ನು ಒರೆಸಿ ತೆಳುವಾದ ಎಣ್ಣೆಯನ್ನು ಮಾತ್ರ ಸವರಿ. ಬೆಚ್ಚನೆಯ ಮನೆಯೊಳಕ್ಕೂ ಹೊರಗಿನ ಚಳಿಗೂ ರೈಫಲನ್ನು ಮತ್ತೆ ಮತ್ತೆ ಒಯ್ದರೆ ಲೋಹದ ಮೇಲೆ ನೀರ ಹನಿ ಮೂಡಿ, ಅದು ಪಿನ್ನಿನ ಕೊಳವೆಯಲ್ಲಿ ಮಂಜುಗಟ್ಟುತ್ತದೆ. ಖಾಲಿ ಮಾಡಿದ ರೈಫಲನ್ನು ಬೀಗ ಹಾಕಿದ, ಬಿಸಿಯಿಲ್ಲದ ಕೋಣೆಯಲ್ಲಿಯೇ ಇಡಿ.

ಇದನ್ನು ಓದುತ್ತಿರುವ, ಎಚ್-1ಬಿ (ತಾತ್ಕಾಲಿಕ ಉದ್ಯೋಗ) ವೀಸಾದಲ್ಲಿರುವ ನಮ್ಮ ಹುಡುಗರಿಗೂ ಒಂದು ಮಾತು. ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ವಿನಾಯಿತಿ ಇದೆ. ಗೆಳೆಯನ ರೈಫಲನ್ನು ಸುಮ್ಮನೆ ಹಿಡಿದು ನೋಡುವ ಮುನ್ನವೂ ಇದು ನೆನಪಿರಲಿ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ.

ಉತ್ತರ: ಜಗಳೂರು ತಾಲ್ಲೂಕಿನ ರೈತ

ನನಗೆ ಅಮೆರಿಕದ ರೈಫಲ್ ಗೊತ್ತಿಲ್ಲ, ಆದರೆ ಪ್ರಾಣಿಗಳ ಕಿವಿ ಗೊತ್ತು. ಮೆಕ್ಕೆಜೋಳ ತೆನೆ ಕಟ್ಟಿದ ಮೇಲೆ ನಾವು ರಾತ್ರಿಯೆಲ್ಲ ಅಟ್ಟಣಿಗೆಯ ಮೇಲೆ ಕುಳಿತು ಕಾಡುಹಂದಿಗಳನ್ನು ಕಾಯುತ್ತೇವೆ. ಒಣಗಿದ ಗರಿಗಳು ಗಾಳಿಗೆ ಎಷ್ಟೇ ಪರಪರ ಎಂದರೂ ಹಂದಿಗಳು ತಲೆ ಎತ್ತುವುದಿಲ್ಲ, ಅಟ್ಟಣಿಗೆಯ ಕಟ್ಟಿಗೆ ಕಿರುಗುಟ್ಟಿದರೂ ಒಮ್ಮೊಮ್ಮೆ ಸುಮ್ಮನಿರುತ್ತವೆ. ಟಾರ್ಚಿನ ಗುಂಡಿಯನ್ನು ಒತ್ತಿದ ಸದ್ದಿಗೆ ಮಾತ್ರ, ಬೆಳಕು ಬೀಳುವ ಮುಂಚೆಯೇ, ಇಡೀ ಹಿಂಡು ಉಸಿರು ಹಿಡಿದು ನಿಲ್ಲುತ್ತದೆ. ಲೋಹದ ಚುರುಕಾದ ಸದ್ದು ಅವುಗಳಿಗೆ ಬೇರೆಯಾಗಿಯೇ ಕೇಳಿಸುತ್ತದೆ. ಹಾಗಾಗಿ ಸೇಫ್ಟಿಯ ಬಗ್ಗೆ ಹಿರಿಯೂರಿನ ಅಣ್ಣನವರು ಹೇಳಿದ್ದು ನನಗೆ ಬೋಲ್ಟಿನ ಮಾತಿಗಿಂತ ಹೆಚ್ಚು ಮುಖ್ಯವಾಗಿ ಕಂಡಿತು. ಜೇಬಿನ ಕೀಲಿ, ಚಿಲ್ಲರೆ ಕಾಸು, ಬಂದೂಕಿನ ಪಟ್ಟಿಯ ಉಂಗುರ, ಊಟದ ಡಬ್ಬಿ, ಇವೆಲ್ಲವನ್ನೂ ಬಟ್ಟೆ ಸುತ್ತಿ ಇಟ್ಟುಕೊಳ್ಳುವಂತೆ ಹೇಳುತ್ತೇನೆ.

ಜೊತೆಗೆ ಇನ್ನೊಂದನ್ನು ಬರೆಯದೆ ಇರಲಾರೆ. ಇಲ್ಲಿ ನಡೆಯುತ್ತಿರುವುದು ವಿಸ್ಕಾನ್ಸಿನ್ನಿನ ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ, ಚುಕ್ಕೆ ಜಿಂಕೆಯಾಗಲಿ ಕೃಷ್ಣಮೃಗವಾಗಲಿ ಯಾರೂ ಮುಟ್ಟುವಂತಿಲ್ಲ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದ ಅಭಯಾರಣ್ಯ ಇರುವುದೇ ಕೊಂಡುಕುರಿಗಾಗಿ. ಆ ಪ್ರಾಣಿ ಅತಿ ಹೆಚ್ಚಿನ ರಕ್ಷಣೆ ಕೊಡುವ, ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕೂ ಬೇಟೆಗೆ ಅನುಮತಿಯಲ್ಲ. ಇದನ್ನು ಓದಿದ ಹುಡುಗರು ಯಾರೂ ತಪ್ಪು ತಿಳಿಯಬಾರದೆಂದು ಬರೆದೆ.

ಪ್ರಶ್ನೆ ಕೇಳಿದವನು

ಜಗಳೂರಿನ ಯಜಮಾನರ ಎಚ್ಚರಿಕೆ ಸರಿಯಾದ ಜಾಗದಲ್ಲಿಯೇ ಬಂದಿದೆ. ನಾನು ಊರಿನಲ್ಲಿರುವಾಗ ಬಂದೂಕನ್ನು ಮುಟ್ಟುವ ಪ್ರಶ್ನೆಯೇ ಇಲ್ಲ. ಅವರು ಹೇಳಿದ ಸದ್ದಿನ ವಿಷಯಕ್ಕೆ ಆಧಾರವೂ ಇದೆ: ಬಿಳಿಬಾಲದ ಜಿಂಕೆಗಳ ಶ್ರವಣ ಶಕ್ತಿಯನ್ನು ಪರೀಕ್ಷಿಸಿದವರು ಅವು ಸುಮಾರು 30 ಕಿಲೋಹರ್ಟ್ಸ್‌ವರೆಗೆ ಕೇಳಬಲ್ಲವು, 4ರಿಂದ 8 ಕಿಲೋಹರ್ಟ್ಸ್ ನಡುವೆ ಅವುಗಳ ಕಿವಿ ಅತ್ಯಂತ ಸೂಕ್ಷ್ಮ ಎಂದು ಕಂಡುಕೊಂಡಿದ್ದಾರೆ. ಮನುಷ್ಯರ ಕಿವಿಯ ಮಿತಿ ಸುಮಾರು 20 ಕಿಲೋಹರ್ಟ್ಸ್. ನಮಗೆ ಸಣ್ಣದೆನಿಸುವ ಲೋಹದ ಟಿಕ್ ಅವಕ್ಕೆ ಸಣ್ಣದಲ್ಲ.

ಒಂದು ಪ್ರಶ್ನೆ ಉಳಿದಿದೆ. ಸಂಜೆ ಇಳಿಯುವ ಮುನ್ನ ಗುಂಡು ತೆಗೆಯುವಾಗಲೂ ಸದ್ದಾಗುತ್ತದೆ. ಮರುದಿನ ಅದೇ ಆಸನಕ್ಕೆ ಬರಬೇಕಿದ್ದರೆ, ಹತ್ತಿರದಲ್ಲೇ ಜಿಂಕೆಗಳು ಮೇಯುತ್ತಿದ್ದರೆ, ಕೆಳಗಿಳಿದು ವಾಹನದ ಬಳಿ ಹೋಗಿ ಖಾಲಿ ಮಾಡಬಹುದೇ?

ಉತ್ತರ: ನಿವೃತ್ತ ಹವಾಲ್ದಾರ್, ಚಿತ್ರದುರ್ಗ

ಖಂಡಿತ ಬೇಡ. ತುಂಬಿದ ರೈಫಲ್ ಏಣಿಯಿಂದ ಇಳಿಯಬಾರದು, ಅದು ನಿಮ್ಮ ಹೆಗಲ ಮೇಲಿರಲಿ, ಹಗ್ಗದ ತುದಿಯಲ್ಲಿರಲಿ. ಮರುದಿನದ ಬೇಟೆ ಕೆಟ್ಟರೆ ಕೆಡಲಿ. ವಿಸ್ಕಾನ್ಸಿನ್‌ನಲ್ಲಿ ಅವಧಿ ಸೂರ್ಯಾಸ್ತದ 20 ನಿಮಿಷಗಳ ನಂತರ ಮುಗಿಯುತ್ತದೆಂದು ಹಿಂದೊಮ್ಮೆ ಇದೇ ಬಳಗದಲ್ಲಿ ಓದಿದ ನೆನಪು. ಹೊರಡುವ ಮುನ್ನ ಆ ವರ್ಷದ ನಿಯಮ ಪುಸ್ತಕವನ್ನು ನೀವೇ ನೋಡಿಕೊಳ್ಳಿ. ಅದು ಮುಗಿದ ಕೂಡಲೇ, ಕೈ ಮರಗಟ್ಟುವ ಮುಂಚೆ, ಕುಳಿತಲ್ಲಿಯೇ ಖಾಲಿ ಮಾಡಿ.

ಕ್ರಮ ತಪ್ಪಬಾರದು: ಮೊದಲು ಮ್ಯಾಗಜೀನ್, ಆಮೇಲೆ ಬೋಲ್ಟ್. ದಣಿದವನು ಇದನ್ನು ಹಿಂದುಮುಂದು ಮಾಡಿದರೆ, ಬೋಲ್ಟ್ ಎಳೆದು ಒಂದು ಗುಂಡನ್ನು ಹೊರಹಾಕಿ, ಮ್ಯಾಗಜೀನಿನಿಂದ ಇನ್ನೊಂದನ್ನು ತಾನೇ ಒಳಕ್ಕೆ ಏರಿಸಿಕೊಂಡು, ಖಾಲಿಯಾಯಿತೆಂದು ನಂಬಿಬಿಡುತ್ತಾನೆ. ಮ್ಯಾಗಜೀನ್ ಜೇಬಿಗೆ ಸೇರಿದ ಮೇಲೆ, ಸೇಫ್ಟಿ ಹಾಕಿರುವಂತೆಯೇ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಬೋಲ್ಟನ್ನು ಎಳೆಯಿರಿ. ಎಳೆಯುವಾಗ ನಿಧಾನ ಮಾಡಿದರೂ ತೊಂದರೆಯಿಲ್ಲ, ಸದ್ದು ಉಳಿಸುವ ಆಸೆಯನ್ನು ಇಲ್ಲಿ ತೀರಿಸಿಕೊಳ್ಳಬಹುದು. ಹೊರಬಂದ ಗುಂಡನ್ನು ಗಾಳಿಯಲ್ಲಿ ಹಿಡಿಯಲು ಹೋಗಬೇಡಿ, ತೊಡೆಯ ಮೇಲೆ ಬೀಳಲಿ, ಇಲ್ಲವೇ ನೆಲಕ್ಕೆ ಬೀಳಲಿ, ಇಳಿದ ಮೇಲೆ ಹುಡುಕಿದರಾಯಿತು. ಬೋಲ್ಟನ್ನು ಹಿಂದಕ್ಕೆ ಸಿಕ್ಕಿಸಿ, ಚೇಂಬರನ್ನು ಕಣ್ಣಿನಿಂದ ನೋಡಿ, ಬೆಳಕು ಸಾಲದಿದ್ದರೆ ಕಿರುಬೆರಳನ್ನು ಒಳಗಿಟ್ಟು ಮುಟ್ಟಿ ನೋಡಿ. ನಮ್ಮಲ್ಲಿ ಗುರಿ ಅಭ್ಯಾಸ ಮುಗಿದ ಮೇಲೆ "ಖಾಲಿ ಕರ್" ಎಂದ ನಂತರವೂ ಒಬ್ಬೊಬ್ಬರ ಚೇಂಬರನ್ನು ಇನ್ನೊಬ್ಬರು ನೋಡದೆ ಯಾರನ್ನೂ ಅಲ್ಲಿಂದ ಹೊರಗೆ ಬಿಡುತ್ತಿರಲಿಲ್ಲ. ಆಸನದಲ್ಲಿ ನೀವು ಒಬ್ಬರೇ ಇರುವುದರಿಂದ ಎರಡನೆಯ ಸಲವೂ ನೀವೇ ನೋಡಿ, ಆಮೇಲೆ ರೈಫಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ನೆಲ ಮುಟ್ಟಿದ ಮೇಲೆ ಏಣಿಗೆ ಕಾಲಿಡಿ.